ಒಂದೇ ಸ್ಟಿಯರಿಂಗ್, ಎರಡು ಕೋನ: ಗಣಕ ಪರೀಕ್ಷೆಯ ಉತ್ತರಗಳು ಹೊಂದುವುದಿಲ್ಲವೇಕೆ?

ಒಂದೇ ಕಾರು, ಒಂದೇ ಸಸ್ಪೆನ್ಷನ್, ಒಂದೇ ತಂತ್ರಾಂಶ. ಉತ್ತರ ಮಾತ್ರ ಎರಡು. ವಾಹನ ವಿನ್ಯಾಸ ಕ್ಷೇತ್ರಕ್ಕೆ ಹೊಸದಾಗಿ ಕಾಲಿಟ್ಟ ಎಂಜಿನಿಯರುಗಳನ್ನು ತಬ್ಬಿಬ್ಬುಗೊಳಿಸುವ ಸಮಸ್ಯೆಗಳಲ್ಲಿ ಇದೂ ಒಂದು. ಮುಂಭಾಗದ ಸಸ್ಪೆನ್ಷನ್ನನ್ನಷ್ಟೇ ಗಣಕಯಂತ್ರದಲ್ಲಿ ಪರೀಕ್ಷೆಗೆ ಒಡ್ಡಿ, ಸ್ಟಿಯರಿಂಗನ್ನು 42 ಡಿಗ್ರಿ ತಿರುಗಿಸಿದರೆ ಮುಂಚಕ್ರಗಳು ಸರಾಸರಿ 2.6 ಡಿಗ್ರಿ ತಿರುಗುತ್ತವೆ. ಅದೇ ಸಸ್ಪೆನ್ಷನ್ನನ್ನು ಪೂರ್ಣ ಕಾರಿಗೆ ಜೋಡಿಸಿ, 100 ಮೀಟರ್ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 71 ಕಿ.ಮೀ. ವೇಗದಲ್ಲಿ ಓಡಿಸಿದರೆ, ಅದೇ 42 ಡಿಗ್ರಿಗೆ ಚಕ್ರಗಳು ತಿರುಗಿರುವುದು 2.1 ಡಿಗ್ರಿ ಮಾತ್ರ. ಉಳಿದ ಅರ್ಧ ಡಿಗ್ರಿ ಎಲ್ಲಿ ಹೋಯಿತು?

ಈ ಅಂಕಿಗಳು ವಿವರಣೆಗೆಂದು ಕಲ್ಪಿಸಿಕೊಂಡ ಮಧ್ಯಮ ಗಾತ್ರದ ಕಾರೊಂದರವು. ಆದರೆ ಪ್ರಶ್ನೆ ಕಲ್ಪಿತವಲ್ಲ. ಉತ್ತರ ತಿಳಿಯದೆ ವ್ಯತ್ಯಾಸವನ್ನು 'ಸರಿಪಡಿಸಲು' ಹೊರಟರೆ ಚೆನ್ನಾಗಿದ್ದ ವಿನ್ಯಾಸವೇ ಕೆಡಬಹುದು. ತಿರುವಿನಲ್ಲಿ ಕಾರು ಚಾಲಕನ ಮಾತು ಕೇಳುತ್ತದೆಯೇ ಇಲ್ಲವೇ ಎಂಬುದು ಇಂಥ ಅರ್ಧ ಡಿಗ್ರಿಗಳ ಮೇಲೆಯೇ ನಿಂತಿರುತ್ತದೆ.

ಹಳೆಯ ಲೆಕ್ಕ, ಸಾರೋಟಿನ ಕಾಲದ್ದು

ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿಯೂ ಹೊರಗಿನದು ದೊಡ್ಡ ವೃತ್ತದಲ್ಲಿಯೂ ಸಾಗಬೇಕು. ಆದ್ದರಿಂದ ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಒಂದು ಚಕ್ರ ನೆಲವನ್ನು ಉಜ್ಜುತ್ತದೆ. ಮ್ಯೂನಿಕ್‌ನ ಸಾರೋಟು ತಯಾರಕ ಗೇಯಾರ್ಗ್ ಲಾಂಕೆನ್ಸ್‌ಪೆರ್ಗರ್ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಇಂಗ್ಲೆಂಡಿನಲ್ಲಿ ಅದಕ್ಕೆ 1818ರಲ್ಲಿ ಪೇಟೆಂಟ್ ಪಡೆದವರು ಅವರ ಪ್ರತಿನಿಧಿ ರುಡಾಲ್ಫ್ ಆಕರ್ಮನ್. ಹೆಸರು ಉಳಿದದ್ದು ಪ್ರತಿನಿಧಿಯದೇ ಎಂಬುದು ಬೇರೆ ಮಾತು. ಇಂದಿಗೂ ಅದು 'ಆಕರ್ಮನ್ ರೇಖಾಗಣಿತ'ವೇ.

ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.5 ಮೀಟರ್, ಎರಡು ಮುಂಚಕ್ರಗಳ ತಿರುಗು ಅಕ್ಷಗಳ ನಡುವೆ 1.4 ಮೀಟರ್ ಅಂತರವಿರುವ ಕಾರನ್ನು ತೆಗೆದುಕೊಳ್ಳಿ. ಹಿಂದಿನ ಅಚ್ಚಿನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕಾದರೆ ಒಳಚಕ್ರ ಸುಮಾರು 30 ಡಿಗ್ರಿ, ಹೊರಚಕ್ರ ಸುಮಾರು 24 ಡಿಗ್ರಿ ತಿರುಗಬೇಕು. ಇಕ್ಕಟ್ಟಾದ ಪಾರ್ಕಿಂಗ್ ಜಾಗದಲ್ಲಿ ನಿಧಾನವಾಗಿ ಕಾರು ತಿರುಗಿಸುವಾಗ ಈ ಲೆಕ್ಕ ಬಹುಪಾಲು ನಿಜ. ವೇಗ ಹೆಚ್ಚಿದಂತೆ ಅದು ಸಡಿಲವಾಗುತ್ತಾ ಹೋಗುತ್ತದೆ. ಏಕೆಂದರೆ ಇದು ಬರೀ ರೇಖಾಗಣಿತ. ಇದರಲ್ಲಿ ಬಲಕ್ಕೆ ಜಾಗವಿಲ್ಲ.

ಕಟ್ಟಿಹಾಕಿದ ಕಾರು

ಸಸ್ಪೆನ್ಷನ್ ಮಾತ್ರದ ಸಿಮ್ಯುಲೇಷನ್‌ನಲ್ಲಿ ಕಾರಿನ ಒಡಲನ್ನು ನೆಲಕ್ಕೆ ಬಿಗಿದಂತೆ ಭಾವಿಸಲಾಗುತ್ತದೆ. ಚಕ್ರಗಳ ಕೆಳಗೆ ಮೇಲಕ್ಕೂ ಕೆಳಕ್ಕೂ ಚಲಿಸುವ ಎರಡು ಹಲಗೆಗಳು. ಹಲಗೆಯನ್ನು ಎತ್ತಿ ಇಳಿಸುತ್ತಾ, ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಾ, ಚಕ್ರದ ದಿಕ್ಕು ಹಾಗೂ ವಾಲು ಹೇಗೆ ಬದಲಾಗುತ್ತವೆ ಎಂದು ದಾಖಲಿಸಲಾಗುತ್ತದೆ. ಹಲಗೆಯ ಮೇಲೆ ಚಕ್ರ ಅಡ್ಡಲಾಗಿ ಜಾರಲು ತಡೆಯಿಲ್ಲ, ತಿರುಗಲೂ ತಡೆಯಿಲ್ಲ. ಬೇಕೆಂದು ಸೇರಿಸಿದ ಹೊರತು ಟೈರಿನ ಬಲ ಇಲ್ಲಿ ಇರುವುದಿಲ್ಲ.

ವೀಲ್ ಅಲೈನ್‌ಮೆಂಟ್ ಮಾಡಿಸಲು ಹೋದವರು ಇದರ ಪ್ರತಿರೂಪವನ್ನು ನೋಡಿಯೇ ಇರುತ್ತಾರೆ. ಮುಂಚಕ್ರಗಳನ್ನು ನಿಲ್ಲಿಸುವ ದುಂಡನೆಯ ತಿರುಗು ತಟ್ಟೆಗಳ ಕೆಲಸವೂ ಇದೇ. ಕಾರು ನಿಂತಲ್ಲಿಯೇ ಇದ್ದು ಚಕ್ರಗಳು ಸಲೀಸಾಗಿ ತಿರುಗಲಿ ಎಂಬುದೇ ಅಲ್ಲಿನ ಉದ್ದೇಶ.

ಈ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ. ಟೈ ರಾಡಿನ ತುದಿ ಎಲ್ಲಿರಬೇಕು, ಸ್ಟಿಯರಿಂಗ್ ರ್‍ಯಾಕ್ ಎಷ್ಟು ಎತ್ತರದಲ್ಲಿ ಕೂರಬೇಕು, ಗುಂಡಿಗೆ ಬಿದ್ದಾಗ ಚಕ್ರ ತಾನಾಗಿಯೇ ಎಷ್ಟು ತಿರುಗುತ್ತದೆ ಎಂಬುದೆಲ್ಲ ಇಲ್ಲಿಯೇ ನಿರ್ಧಾರವಾಗುತ್ತದೆ. ಟೈ ರಾಡನ್ನು ಕೆಲವು ಮಿಲಿಮೀಟರ್ ಸರಿಸಿದರೂ ಫಲಿತಾಂಶ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಪೂರ್ಣ ವಾಹನದ ಸಿಮ್ಯುಲೇಷನ್‌ನಲ್ಲಿ ಹತ್ತಾರು ಕಾರಣಗಳು ಬೆರೆತುಹೋಗುವುದರಿಂದ ಇಷ್ಟು ಸ್ಪಷ್ಟವಾಗಿ ಕಾರಣ ಬಿಡಿಸಲು ಸಾಧ್ಯವಿಲ್ಲ.

ಕಾರು ನೆಲಕ್ಕಿಳಿದಾಗ

ಪೂರ್ಣ ವಾಹನದ ಮಾದರಿಯಲ್ಲಿ ಮೊದಲು ಕೆಲಸ ಮಾಡುವುದು ಗುರುತ್ವ. ಎಂಜಿನ್, ಇಂಧನ, ಚಾಲಕ ಎಲ್ಲರ ಭಾರ ಸ್ಪ್ರಿಂಗುಗಳ ಮೇಲೆ ಬಿದ್ದು ಕಾರು ತನ್ನ ನೆಲೆಗೆ ಕೂರುತ್ತದೆ. ಈ ನೆಲೆ, ಸಸ್ಪೆನ್ಷನ್ ಪರೀಕ್ಷೆ ಆರಂಭವಾದ ಎತ್ತರವೇ ಆಗಿರಬೇಕೆಂದಿಲ್ಲ. ಕಾರು 15 ಮಿ.ಮೀ. ಹೆಚ್ಚು ಕೂತಿತೆನ್ನಿ. ಪ್ರತಿ 10 ಮಿ.ಮೀ.ಗೆ ಚಕ್ರದ ದಿಕ್ಕು 0.05 ಡಿಗ್ರಿ ಬದಲಾಗುವ ಸಸ್ಪೆನ್ಷನ್ ಆದರೆ, ಸ್ಟಿಯರಿಂಗ್ ಮುಟ್ಟುವ ಮೊದಲೇ 0.075 ಡಿಗ್ರಿ ವ್ಯತ್ಯಾಸ ಬಂದಾಯಿತು. ಇದು ಅಲ್ಪವೆನಿಸಬಹುದು. ಆದರೆ ಇಷ್ಟು ಕೋನದಲ್ಲಿ ತನ್ನ ಪಾಡಿಗೆ ತಾನು ಉರುಳಿದ ಚಕ್ರ ಒಂದು ಕಿಲೋಮೀಟರಿಗೆ 1.3 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಕಾರಿಗೆ ಕಟ್ಟುಬಿದ್ದ ಚಕ್ರಕ್ಕೆ ಹಾಗೆ ಸರಿಯಲು ಅವಕಾಶವಿಲ್ಲ. ಅದು ಉಜ್ಜುತ್ತಲೇ ಸಾಗುತ್ತದೆ. ಟೈರಿನ ಅಂಚು ಸವೆಯುವುದು ಹೀಗೆ.

ಎರಡನೆಯದು ಒಡಲಿನ ವಾಲು. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಹೊರಚಕ್ರ ಒಡಲಿನತ್ತ ಏರುತ್ತದೆ, ಒಳಚಕ್ರ ಇಳಿಯುತ್ತದೆ. ಏರಿಳಿತದೊಂದಿಗೆ ಚಕ್ರದ ದಿಕ್ಕೂ ಬದಲಾಗುವುದರಿಂದ, ಚಾಲಕ ಕೇಳದ ಸ್ಟಿಯರಿಂಗ್ ಒಂದಿಷ್ಟು ಸೇರಿಕೊಳ್ಳುತ್ತದೆ ಅಥವಾ ಕಳೆಯುತ್ತದೆ. ಸಾಮಾನ್ಯ ಪ್ರಯಾಣಿಕ ಕಾರುಗಳಲ್ಲಿ ಮುಂಚಕ್ರಗಳು ತುಸು ನೇರವಾಗುವಂತೆಯೇ ಇದನ್ನು ಹೊಂದಿಸುತ್ತಾರೆ.

ಮೂರನೆಯದೇ ಮುಖ್ಯವಾದದ್ದು: ರಬ್ಬರ್. ಸಸ್ಪೆನ್ಷನ್ನಿನ ತೋಳುಗಳು ಒಡಲಿಗೆ ಸೇರುವಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ರಸ್ತೆಯ ಸದ್ದು, ಅದುರು ಒಳಗೆ ಬಾರದಂತೆ ತಡೆಯುವುದು ಅವುಗಳ ಕೆಲಸ. ಆದರೆ ಮೆತ್ತಗಿರುವುದೆಲ್ಲ ಬಲ ಬಿದ್ದಾಗ ಬಾಗಲೇಬೇಕಲ್ಲ! ತಿರುವಿನಲ್ಲಿ ಟೈರಿನ ಪಾರ್ಶ್ವ ಬಲ ಚಕ್ರದ ತಿರುಗು ಅಕ್ಷಕ್ಕಿಂತ ತುಸು ಹಿಂದೆ ನೆಲವನ್ನು ಹಿಡಿಯುತ್ತದೆ. ಆದ್ದರಿಂದ ಅದು ಚಕ್ರವನ್ನು ನೇರ ಮಾಡಲು ಸದಾ ಹವಣಿಸುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ಹಿಂದಿರುಗುವುದಕ್ಕೆ ಮುಖ್ಯ ಕಾರಣವೂ ಇದೇ. ಕೈಯಲ್ಲಿ ಸ್ಟಿಯರಿಂಗನ್ನು ಅಲುಗದಂತೆ ಹಿಡಿದಿದ್ದರೂ ನಡುವಿನ ಬುಷ್, ರ್‍ಯಾಕಿನ ಆಧಾರ, ಟೈ ರಾಡ್, ಸ್ಟಿಯರಿಂಗ್ ಕಂಬ ಎಲ್ಲವೂ ಚೂರುಚೂರು ಬಾಗಿ ಚಕ್ರ ಹಿಂದಕ್ಕೆ ತಿರುಗುತ್ತದೆ.

ಪವರ್ ಸ್ಟಿಯರಿಂಗ್‌ನಲ್ಲಂತೂ ಬಾಗಲೆಂದೇ ಒಂದು ಭಾಗವಿದೆ. ಟಾರ್ಷನ್ ಬಾರ್ ಎಂಬ ಸಣ್ಣ ಸರಳು ಎಷ್ಟು ತಿರುಚಿಕೊಂಡಿತು ಎಂಬುದನ್ನು ನೋಡಿಯೇ ವ್ಯವಸ್ಥೆ ಎಷ್ಟು ನೆರವು ನೀಡಬೇಕೆಂದು ಅರಿಯುತ್ತದೆ. ಅದು 2 ಡಿಗ್ರಿ ತಿರುಚಿಕೊಂಡರೆ, ಸ್ಟಿಯರಿಂಗ್ ಅನುಪಾತ 16 ಇರುವ ಕಾರಿನಲ್ಲಿ ಮುಂಚಕ್ರಕ್ಕೆ ತಲುಪಬೇಕಾದ 0.125 ಡಿಗ್ರಿ ತಲುಪುವುದೇ ಇಲ್ಲ. ಸಸ್ಪೆನ್ಷನ್ ಪರೀಕ್ಷೆಯಲ್ಲಿ ಸ್ಟಿಯರಿಂಗಿನ ಬದಲು ನೇರವಾಗಿ ರ್‍ಯಾಕನ್ನೇ ಸರಿಸುವ ರೂಢಿಯೂ ಉಂಟು. ಆಗ ಈ ತಿರುಚು ಲೆಕ್ಕಕ್ಕೇ ಬರುವುದಿಲ್ಲ.

ರ್‍ಯಾಕ್ ಎಲ್ಲಿದೆ ಎಂಬುದೂ ಇಲ್ಲಿ ಗಣನೀಯ. ಪಾರ್ಶ್ವ ಬಲಕ್ಕೆ ಕೆಳತೋಳಿನ ಬುಷ್ ಒತ್ತಿ ಹೊರಚಕ್ರ ಒಳಕ್ಕೆ ಸರಿಯುವಾಗ ಟೈ ರಾಡ್ ಅಷ್ಟಾಗಿ ಬಗ್ಗುವುದಿಲ್ಲ. ರ್‍ಯಾಕ್ ಚಕ್ರದ ಮಧ್ಯಕ್ಕಿಂತ ಮುಂದಿದ್ದರೆ ಚಕ್ರದ ಮುಂಭಾಗ ಅಲ್ಲಿಯೇ ಉಳಿದು, ತಿರುವು ಕಡಿಮೆಯಾಗುತ್ತದೆ. ಹಿಂದಿದ್ದರೆ ಇದಕ್ಕೆ ವಿರುದ್ಧ: ಚಾಲಕ ಕೇಳಿದ್ದಕ್ಕಿಂತ ಹೆಚ್ಚು ತಿರುವು. ಬಲವಿಲ್ಲದ ಪರೀಕ್ಷೆಯಲ್ಲಿ ಎರಡೂ ಒಂದೇ ಬಗೆಯಾಗಿ ಕಾಣಬಹುದು. ರಸ್ತೆಯಲ್ಲಿ ಎರಡರ ಸ್ವಭಾವ ಬೇರೆ.

ಅರ್ಧ ಡಿಗ್ರಿಯ ಲೆಕ್ಕ

ಈಗ ಆರಂಭದ ಕಾರಿಗೆ ಮರಳೋಣ. 2.5 ಮೀಟರ್ ಉದ್ದದ ಅಚ್ಚಿನಂತರವನ್ನು 100 ಮೀಟರ್ ತ್ರಿಜ್ಯದಿಂದ ಭಾಗಿಸಿ, ರೇಡಿಯನ್ನಿನಿಂದ ಡಿಗ್ರಿಗೆ ತರಲು 57.3ರಿಂದ ಗುಣಿಸಿದರೆ ದೊರೆಯುವುದು 1.43 ಡಿಗ್ರಿ. ಬಹು ನಿಧಾನವಾಗಿ ಹೋದರೆ ಇಷ್ಟು ಸಾಕು. 16ರ ಅನುಪಾತದಲ್ಲಿ ಸ್ಟಿಯರಿಂಗನ್ನು ಸುಮಾರು 23 ಡಿಗ್ರಿ ತಿರುಗಿಸಿದರಾಯಿತು.

71 ಕಿ.ಮೀ. ವೇಗದಲ್ಲಿ ಕಾರಿನ ಮೇಲೆ ಗುರುತ್ವದ 0.4ರಷ್ಟು ಪಾರ್ಶ್ವ ವೇಗೋತ್ಕರ್ಷ ಇರುತ್ತದೆ. ಪ್ರತಿ ಒಂದು ಗುರುತ್ವಕ್ಕೆ 3 ಡಿಗ್ರಿ ಹೆಚ್ಚು ಬೇಡುವ ಕಾರು ಇದಾದರೆ, ಇನ್ನೂ 1.2 ಡಿಗ್ರಿ ಬೇಕು. ಒಟ್ಟು 2.63, ಅಂದರೆ ಸ್ಟಿಯರಿಂಗ್‌ನಲ್ಲಿ 42 ಡಿಗ್ರಿ. ವೇಗ ಹೆಚ್ಚಿದಂತೆ ಹೆಚ್ಚು ಸ್ಟಿಯರಿಂಗ್ ಬೇಡುವ ಈ ಗುಣಕ್ಕೆ ಅಂಡರ್‌ಸ್ಟಿಯರ್ ಎಂದು ಹೆಸರು. ರೋಲ್ಸ್ ರಾಯ್ಸ್‌ನಿಂದ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ ಇಂಗ್ಲಿಷ್ ಎಂಜಿನಿಯರ್ ಮಾರಿಸ್ ಆಲಿ ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಎಂಬ ಪದಗಳನ್ನು ಆ ದಶಕದಲ್ಲಿ ಬಳಕೆಗೆ ತಂದರು.

ಹೆಚ್ಚುವರಿ 1.2 ಡಿಗ್ರಿಯೆಲ್ಲ ಟೈರಿನಿಂದಲೇ ಬಂದದ್ದಲ್ಲ. ನಮ್ಮ ಕಾರಿನಲ್ಲಿ 0.7 ಡಿಗ್ರಿ ಮುಂದಿನ ಮತ್ತು ಹಿಂದಿನ ಟೈರುಗಳ ಜಾರುಕೋನಗಳ ವ್ಯತ್ಯಾಸ. 0.4 ಡಿಗ್ರಿ ಬುಷ್, ಟಾರ್ಷನ್ ಬಾರ್ ಮುಂತಾದವುಗಳ ಬಾಗುವಿಕೆ. ಉಳಿದ 0.1 ಒಡಲಿನ ವಾಲಿನ ಪಾಲು. ಟೈರಿನ 0.7 ಡಿಗ್ರಿಗಾಗಿ ಚಕ್ರ ನಿಜವಾಗಿಯೂ ತಿರುಗಿ ನಿಲ್ಲಬೇಕು. ಉಳಿದ ಅರ್ಧ ಡಿಗ್ರಿ ಚಕ್ರಕ್ಕೆ ತಲುಪದೆ ದಾರಿಯಲ್ಲಿಯೇ ಕರಗುತ್ತದೆ. ಪೂರ್ಣ ವಾಹನದಲ್ಲಿ ಚಕ್ರದ ಕೋನ 2.1 ಎಂದು ಕಂಡದ್ದು ಈ ಕಾರಣಕ್ಕೆ.

ಹಾಗಾಗಿ ಸಸ್ಪೆನ್ಷನ್ ಪರೀಕ್ಷೆಯ 2.6 ಸುಳ್ಳಲ್ಲ. ಬಲವಿಲ್ಲದಿದ್ದರೆ ಚಕ್ರ ಎಷ್ಟು ತಿರುಗುತ್ತಿತ್ತು ಎಂಬುದಕ್ಕೆ ಅದು ಉತ್ತರ. ಎರಡರ ನಡುವಿನ ಅಂತರವೇ ಈ ಕಾರಿನ ಮೆತುತನದ ಅಳತೆ.

ಮೊದಲು ಕಡತದ ತಪ್ಪು ಹುಡುಕಿ

ಆದರೆ ಕಾಣುವ ವ್ಯತ್ಯಾಸವೆಲ್ಲ ಭೌತಶಾಸ್ತ್ರದ್ದೆಂದು ನಂಬುವುದೂ ಅಪಾಯ. ಬಹಳಷ್ಟು ಸಲ ದೋಷ ಲೆಕ್ಕ ಬರೆಯುವ ಕ್ರಮದಲ್ಲಿರುತ್ತದೆ. ಸಸ್ಪೆನ್ಷನ್ ಪರೀಕ್ಷೆ ಸಾಮಾನ್ಯವಾಗಿ ನೀಡುವುದು 'ಟೋ' ಕೋನ. ಅದರಲ್ಲಿ ಎಡಚಕ್ರವಾಗಲಿ ಬಲಚಕ್ರವಾಗಲಿ, ಒಳಮುಖವಾದರೆ ಒಂದೇ ಚಿಹ್ನೆ. ಪೂರ್ಣ ವಾಹನದಲ್ಲಿ ಕೇಳುವುದು ತಿರುವಿನ ಕೋನ. ಅಲ್ಲಿ ಎರಡೂ ಚಕ್ರ ಎಡಕ್ಕೆ ತಿರುಗಿದರೆ ಒಂದೇ ಚಿಹ್ನೆ. ಇದನ್ನು ಗಮನಿಸದವರಿಗೆ ಒಂದು ಬದಿಯ ಚಕ್ರ ಸರಿಯಾಗಿಯೂ ಇನ್ನೊಂದು ಬದಿಯದು ತಲೆಕೆಳಗಾಗಿಯೂ ಕಾಣುತ್ತದೆ. ಇದರ ಮೇಲೆ ಐಎಸ್‌ಒ 8855 ಪದ್ಧತಿಯಲ್ಲಿ ಎಡಭಾಗ ಧನ, ಲಂಬ ಅಕ್ಷ ಮೇಲ್ಮುಖ. ಅಮೆರಿಕದ ಎಸ್‌ಎಇ ಸಂಸ್ಥೆಯ ಹಳೆಯ ಪದ್ಧತಿಯಲ್ಲಿ ಬಲಭಾಗ ಧನ, ಲಂಬ ಅಕ್ಷ ಕೆಳಮುಖ. ಎರಡು ವಿಭಾಗಗಳು ಎರಡು ಪದ್ಧತಿ ಹಿಡಿದು ಕೂತರೆ ಸಭೆಯಲ್ಲಿ ವಾದಕ್ಕೆ ಬೇರೆ ವಿಷಯ ಬೇಕಿಲ್ಲ.

ಕೋನವನ್ನು ಯಾವುದಕ್ಕೆ ಹೋಲಿಸಿ ಅಳೆದರು ಎಂಬುದು ಇನ್ನೊಂದು ಪ್ರಶ್ನೆ. ಕಟ್ಟಿಹಾಕಿದ ಒಡಲಿಗೂ ನೆಲಕ್ಕೂ ಭೇದವಿಲ್ಲ. ಓಡುವ ಕಾರಿನ ಒಡಲು ವಾಲುತ್ತದೆ, ಮೂತಿಯ ದಿಕ್ಕನ್ನೂ ಬದಲಿಸುತ್ತದೆ. ನೆಲಕ್ಕೆ ಹೋಲಿಸಿ ಅಳೆದ ಕೋನದಿಂದ ಕಾರಿನ ದಿಕ್ಕನ್ನು ಕಳೆಯದಿದ್ದರೆ, ಮುಂಚಕ್ರ 90 ಡಿಗ್ರಿ ತಿರುಗಿದೆ ಎಂಬಂಥ ವಿಚಿತ್ರ ಅಂಕಿ ಬರುತ್ತದೆ. ಅದು ಒಳ್ಳೆಯದೇ, ತಪ್ಪೆಂದು ತಕ್ಷಣ ತಿಳಿಯುತ್ತದೆ. ನಂಬುವಂತಿರುವ ತಪ್ಪುಗಳೇ ಹೆಚ್ಚು ಕಷ್ಟದವು. ಒಂದು ಚಕ್ರದ ಕೋನವನ್ನು ಇನ್ನೊಂದರಲ್ಲಿನ ಎರಡು ಚಕ್ರಗಳ ಸರಾಸರಿಗೆ ಹೋಲಿಸುವುದು, ಒಂದು ಮಾದರಿಯಲ್ಲಿ ಬುಷ್‌ಗಳನ್ನು ಗಟ್ಟಿ ಕೀಲುಗಳೆಂದು ಬದಲಿಸಿ ಮರೆಯುವುದು ಇಂಥವು.

ನೇರ ರಸ್ತೆಯಲ್ಲಿಯೂ ಸ್ಟಿಯರಿಂಗ್ ಸೊನ್ನೆಯಲ್ಲಿ ಇಲ್ಲದಿರುವುದು ಮತ್ತೊಂದು ಅಚ್ಚರಿ. ಟೈರಿನೊಳಗಿನ ಪದರಗಳ ಜೋಡಣೆಯಿಂದಾಗಿ ನೇರ ಉರುಳುವಾಗಲೂ ಸಣ್ಣದೊಂದು ಪಾರ್ಶ್ವ ಬಲ ಹುಟ್ಟುತ್ತದೆ. ಕಾರನ್ನು ನೇರ ಹಿಡಿಯಲು ತಂತ್ರಾಂಶ ಸ್ಟಿಯರಿಂಗನ್ನು ತುಸು ತಿರುಗಿಸಿಕೊಂಡಿರುತ್ತದೆ.

ಇವನ್ನೆಲ್ಲ ನೋಡಿಕೊಂಡ ಮೇಲೂ ವ್ಯತ್ಯಾಸ ಉಳಿದರೆ ಒಂದು ನಂಬಿಕೆಯ ಹಾದಿಯಿದೆ. ಪೂರ್ಣ ವಾಹನದ ಓಟದಿಂದ ಒಂದು ಕ್ಷಣವನ್ನು ಆರಿಸಿ, ಆಗ ಪ್ರತಿ ಚಕ್ರ ಎಷ್ಟು ಏರಿತ್ತು, ಟೈರಿನ ಬಲಗಳೆಷ್ಟಿದ್ದವು, ಚಕ್ರವನ್ನು ನೇರ ಮಾಡುವ ತಿರುಚುಬಲ ಎಷ್ಟಿತ್ತು ಎಂದು ಬರೆದುಕೊಳ್ಳುವುದು. ಅಷ್ಟನ್ನೂ ಸಸ್ಪೆನ್ಷನ್ ಪರೀಕ್ಷೆಯ ಚಕ್ರಗಳ ಮೇಲೆ ಹೇರಿ, ಸ್ಟಿಯರಿಂಗನ್ನು ಅದೇ 42 ಡಿಗ್ರಿಗೆ ತರುವುದು. ಈಗ ಅಲ್ಲಿಯೂ 2.1 ಡಿಗ್ರಿಯೇ ಬಂದರೆ ಎರಡು ಮಾದರಿಗಳೂ ಒಂದೇ ಕಾರನ್ನು ಹೇಳುತ್ತಿವೆ ಎಂದರ್ಥ. ಬಾರದಿದ್ದರೆ ಎಲ್ಲಿಯೋ ಒಂದು ಭಾಗ ಎರಡರಲ್ಲಿ ಬೇರೆಬೇರೆಯಾಗಿದೆ. ಬಲಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಆ ಭಾಗ ಸಿಕ್ಕಿಬೀಳುತ್ತದೆ.

ಈ ಶ್ರಮಕ್ಕೆ ಬೇಸರಪಟ್ಟು ಅಡ್ಡದಾರಿ ಹಿಡಿಯುವುದುಂಟು. ಅರ್ಧ ಡಿಗ್ರಿ ಕಡಿಮೆ ಬಂತೆಂದು ಸ್ಟಿಯರಿಂಗ್ ಅನುಪಾತವನ್ನೇ ಬದಲಿಸಿ ಚಕ್ರ ಹೆಚ್ಚು ತಿರುಗುವಂತೆ ಮಾಡಿದರೆ ಆ ಒಂದು ತಿರುವಿನಲ್ಲಿ ಅಂಕಿ ಹೊಂದುತ್ತದೆ. ಆದರೆ ನೇರ ಹೆದ್ದಾರಿಯಲ್ಲಿ ಬಲ ಕಡಿಮೆ, ಬಾಗುವಿಕೆಯೂ ಕಡಿಮೆ. ಅಲ್ಲಿ ಕಾರು ಬೆರಳು ಸೋಕಿದರೂ ಹೊಯ್ದಾಡುವಂತಾಗುತ್ತದೆ.

ಪೋರ್ಷೆ ಕಲಿತ ಪಾಠ

ಬಾಗುವಿಕೆಯನ್ನು ದೋಷವೆಂದು ಬಗೆಯದೆ ದುಡಿಸಿಕೊಂಡ ಪ್ರಸಿದ್ಧ ನಿದರ್ಶನ 1977ರಲ್ಲಿ ಬಂದ ಪೋರ್ಷೆ 928. ಅಂದಿನ ಹಲವು ಕಾರುಗಳ ಹಿಂಬದಿಯಲ್ಲಿ ಓರೆ ತೋಳಿನ ಸಸ್ಪೆನ್ಷನ್ ಇರುತ್ತಿತ್ತು. ವೇಗದ ತಿರುವಿನಲ್ಲಿ ಚಾಲಕ ಗಾಬರಿಯಾಗಿ ಆಕ್ಸಲರೇಟರಿನಿಂದ ಕಾಲು ತೆಗೆದರೆ ಹಿಂಚಕ್ರಗಳ ಮೇಲೆ ಹಿಮ್ಮುಖ ಬಲ ಬಿದ್ದು, ಬುಷ್ ಬಾಗಿ, ಚಕ್ರದ ಮುಂಭಾಗ ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ಭಾರ ಮುಂದಕ್ಕೆ ಸರಿದು ಹಿಂಟೈರಿನ ಹಿಡಿತ ಕಡಿಮೆಯಾದ ಹೊತ್ತಿನಲ್ಲಿಯೇ ಹೀಗಾದರೆ ಕಾರಿನ ಹಿಂಭಾಗ ಬೀಸಿಕೊಂಡು ಹೋಗುವುದು ಸಹಜ.

928ರ ಹಿಂಬದಿ ಸಸ್ಪೆನ್ಷನ್ನಿನಲ್ಲಿ ತೋಳಿನ ಮುಂತುದಿಗೆ ಪುಟ್ಟದೊಂದು ಕೊಂಡಿ ಸೇರಿಸಲಾಯಿತು. ಅದೇ ಹಿಮ್ಮುಖ ಬಲ ಬಿದ್ದಾಗ ಚಕ್ರ ಈಗ ತುಸು ಒಳಕ್ಕೆ ತಿರುಗುತ್ತಿತ್ತು, ಕಾರು ಸ್ಥಿರವಾಗಿರುತ್ತಿತ್ತು. ಕಂಪನಿಯ ಅಭಿವೃದ್ಧಿ ಕೇಂದ್ರವಿರುವ ಊರಿನ ಹೆಸರಿನಿಂದ ಇದು 'ವೈಸಾಖ್ ಆಕ್ಸಲ್' ಎಂದು ಹೆಸರಾಯಿತು. 1991ರ ಸಿಟ್ರೊಯೆನ್ ಝಡ್‌ಎಕ್ಸ್ ಕಾರಿನಲ್ಲಿಯೂ ಹಿಂದಿನ ಅಚ್ಚಿನ ರಬ್ಬರ್ ಆಧಾರಗಳೇ ತಿರುವಿನಲ್ಲಿ ಹಿಂಚಕ್ರಗಳನ್ನು ಸ್ವಲ್ಪ ತಿರುಗಿಸುವಂತಿದ್ದವು. ಬಲವಿಲ್ಲದ ಸಸ್ಪೆನ್ಷನ್ ಪರೀಕ್ಷೆಯನ್ನಷ್ಟೇ ನೋಡುವವರಿಗೆ ಈ ಎರಡು ಕಾರುಗಳ ಹೆಚ್ಚುಗಾರಿಕೆ ಕಾಣುವುದೇ ಇಲ್ಲ.

ಕಾಗದದಿಂದ ಗಣಕಕ್ಕೆ

ಲೆಕ್ಕದ ಕಾರನ್ನು ನಿಜದ ಕಾರಿನೊಂದಿಗೆ ಹೋಲಿಸುವ ಗಂಭೀರ ಕೆಲಸ ನಡೆದದ್ದು ಅಮೆರಿಕದ ಕಾರ್ನೆಲ್ ವಿಮಾನ ಪ್ರಯೋಗಾಲಯದಲ್ಲಿ. ವಿಲಿಯಂ ಮಿಲಿಕೆನ್, ಲೆನಾರ್ಡ್ ಸೀಗಲ್ ಮತ್ತಿತರರು 1956ರಲ್ಲಿ ಮಂಡಿಸಿದ ಪ್ರಬಂಧಗಳು ಈ ಶಾಸ್ತ್ರದ ಅಡಿಪಾಯ. 1977ರಲ್ಲಿ ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಸ್ಥಾಪನೆಯಾದ ಮೆಕ್ಯಾನಿಕಲ್ ಡೈನಮಿಕ್ಸ್ ಸಂಸ್ಥೆ 'ಆಡಮ್ಸ್' ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಔಡಿ, ಬಿಎಂಡಬ್ಲ್ಯು, ರೆನೊ ಹಾಗೂ ವೋಲ್ವೊ ಸಹಯೋಗದಲ್ಲಿ ಅದರ ಕಾರು ಆವೃತ್ತಿ ರೂಪುಗೊಂಡಿತು. ಸಸ್ಪೆನ್ಷನ್ ಪರೀಕ್ಷೆ ಮತ್ತು ಪೂರ್ಣ ವಾಹನದ ಪರೀಕ್ಷೆ ಎರಡನ್ನೂ ಒಂದೇ ಮಾದರಿಯ ಕಡತಗಳಿಂದ ನಡೆಸಲು ಅದರಲ್ಲಿ ಸಾಧ್ಯ. ಉತ್ತರಗಳು ಬೇರೆಯಾದಾಗ ಅಚ್ಚರಿ ಹೆಚ್ಚುವುದೂ ಅದಕ್ಕೇ.

ಇನ್ನೊಂದು ಬಗೆಯ ತಂತ್ರಾಂಶದಲ್ಲಿ ತೋಳು, ಬುಷ್ ಯಾವುದೂ ಇರುವುದಿಲ್ಲ. ಚಕ್ರ ಇಷ್ಟು ಏರಿದರೆ ಇಷ್ಟು ತಿರುವು, ಇಷ್ಟು ಬಲಕ್ಕೆ ಇಷ್ಟು ಬಾಗು ಎಂಬ ಕೋಷ್ಟಕಗಳನ್ನೇ ಓದಿ ಕಾರನ್ನು ಓಡಿಸಲಾಗುತ್ತದೆ. ವೇಗದ ಲೆಕ್ಕಕ್ಕೆ ಇದು ಅನುಕೂಲ. ಆದರೆ ಬಲದ ಕೋಷ್ಟಕವನ್ನು ತುಂಬಲು ಮರೆತರೆ ಕಾರು ಇರುವುದಕ್ಕಿಂತ ಚುರುಕಾಗಿ ಕಾಣುತ್ತದೆ.

ಇದರ ಪರಿಣಾಮ ಗಣಕದ ಪರದೆಗೆ ಸೀಮಿತವಲ್ಲ. ಕಾರು ಅಡ್ಡ ಜಾರದಂತೆ ಕಾಯುವ ಇಎಸ್‌ಪಿ ವ್ಯವಸ್ಥೆ 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಬೆಂಜ್ ಮೂಲಕ ಮೊದಲು ಬಂದಿತು. ಅದು ಸ್ಟಿಯರಿಂಗ್ ಕೋನವನ್ನು ಓದಿ, ಇಷ್ಟು ತಿರುಗಿಸಿದರೆ ಕಾರು ಇಷ್ಟು ತಿರುಗಬೇಕು ಎಂದು ಕ್ಷಣಕ್ಷಣವೂ ಅಂದಾಜಿಸುತ್ತದೆ. ನಿಜವಾದ ತಿರುಗುವಿಕೆ ಅದರಿಂದ ದೂರ ಸರಿದರೆ ಯಾವುದೋ ಒಂದು ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಆ ಅಂದಾಜಿನಲ್ಲಿ ಬಾಗುವಿಕೆ ಸೇರದಿದ್ದರೆ, ಕಾರು ಸರಿಯಾಗಿ ಹೋಗುತ್ತಿರುವಾಗಲೇ ವ್ಯವಸ್ಥೆಗೆ ಅನುಮಾನ ಬಂದೀತು.

ಬೆಂಗಳೂರಿನ ಓದುಗರಿಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ. ಮರ್ಸಿಡಿಸ್ ಬೆಂಜ್‌ನ ಭಾರತೀಯ ಸಂಶೋಧನಾ ಕೇಂದ್ರ 1996ರಲ್ಲಿ ಆರಂಭವಾದದ್ದು ಇಲ್ಲಿಯೇ. ಬಾಷ್‌ನ ದೊಡ್ಡ ನೆಲೆಯೂ ಇಲ್ಲಿದೆ. ಗಣಕದ ಫಲಿತಾಂಶವನ್ನು ನೆಲದ ಮೇಲೆ ತಾಳೆ ನೋಡಲು ಮಧ್ಯಪ್ರದೇಶದ ಪೀಥಂಪುರದಲ್ಲಿ ನ್ಯಾಟ್ರಾಕ್ಸ್ ಪರೀಕ್ಷಾ ಪಥವಿದ್ದು, ಅದರ 11.3 ಕಿ.ಮೀ. ಉದ್ದದ ಅತಿವೇಗದ ಪಥ 2021ರಲ್ಲಿ ಉದ್ಘಾಟನೆಯಾಯಿತು. ಸ್ಥಿರ ವೇಗದಲ್ಲಿ ವೃತ್ತಾಕಾರವಾಗಿ ಓಡಿಸುವ ಪರೀಕ್ಷೆಗೆ ಐಎಸ್‌ಒ 4138 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ.

ಗ್ಯಾರೇಜಿನಲ್ಲಿ

ಸಾಮಾನ್ಯ ಕಾರು ಮಾಲೀಕರಿಗೆ ಈ ಅಂತರ ಎದುರಾಗುವುದು ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ. ಕಾರು ಖಾಲಿಯಾಗಿ ನಿಂತಿರುವಾಗ ಪರದೆಯ ಮೇಲೆ ಎಲ್ಲವೂ ಹಸಿರು. ನಾಲ್ವರು ಕುಳಿತು, ಡಿಕ್ಕಿ ತುಂಬಿ, ರಸ್ತೆಗಿಳಿದ ಮೇಲೆ ಕಾರಿನ ಎತ್ತರವೂ ಬೇರೆ, ಬುಷ್‌ಗಳ ಮೇಲಿನ ಬಲವೂ ಬೇರೆ. ಬುಷ್ ಹಳತಾಗಿ ಸಡಿಲವಾಗಿದ್ದರಂತೂ ನಿಂತ ಕಾರಿನ ಅಳತೆಯಿಂದ ಅದು ತಿಳಿಯದೇ ಹೋಗಬಹುದು. ಆದ್ದರಿಂದಲೇ ಅಲೈನ್‌ಮೆಂಟ್‌ಗೆ ಮೊದಲು ಬುಷ್, ಟೈ ರಾಡಿನ ತುದಿ, ಟೈರಿನ ಗಾಳಿ ನೋಡಿಸಬೇಕು ಎನ್ನುವುದು.

ತಯಾರಕರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಅಲೈನ್‌ಮೆಂಟ್ ವೇಳೆ ಸೀಟುಗಳ ಮೇಲೆ ನಿಗದಿತ ತೂಕ ಇಡಬೇಕೆಂದು ಬಿಎಂಡಬ್ಲ್ಯು ಸೂಚಿಸುತ್ತಿತ್ತು. ಮರ್ಸಿಡಿಸ್‌ನ ಹಳೆಯ ಮಾದರಿಗಳಿಗೆ ಇನ್ನೊಂದು ಸಲಕರಣೆ ಇತ್ತು. ಎರಡು ಮುಂಚಕ್ರಗಳ ನಡುವೆ ಸ್ಪ್ರಿಂಗ್ ಇರುವ ಒಂದು ಸರಳನ್ನು ಸಿಕ್ಕಿಸಿ, ಅವುಗಳ ಮುಂಭಾಗವನ್ನು ನಿಗದಿತ ಬಲದಿಂದ ಹೊರಕ್ಕೆ ಒತ್ತಿ ಹಿಡಿದು, ಆಮೇಲೆ ಟೋ ಅಳೆಯುತ್ತಿದ್ದರು. ಓಡುವ ಕಾರಿನಲ್ಲಿ ಬುಷ್ ಎಷ್ಟು ಬಗ್ಗುತ್ತದೆಯೋ ಅಷ್ಟನ್ನು ನಿಂತ ಕಾರಿನಲ್ಲಿಯೇ ಬಗ್ಗಿಸುವ ಉಪಾಯ ಅದು.